ಮೂರು ಪಂಕ್ತಿಯ ಮನೆಗೊಂದು ಮೆಷಿನ್

ಸಂಡೂರು
12 ಜುಲೈ 2025, ಶನಿವಾರ

ಮನೆಯ ಯಜಮಾನರಿಗೆ,

ಮದುವೆಯಾಗಿ ನಲವತ್ತು ವರ್ಷ ದಾಟಿದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ, ಹಗಲೆಲ್ಲ ಮಲಗಿದ್ದು ನಾವು ಮಲಗುವ ಹೊತ್ತಿಗೆ ಸರಿಯಾಗಿ ಕಣ್ಣು ಬಿಡುತ್ತದೆ. ಕಾವ್ಯ ಆರಾಮಾಗಿದ್ದಾಳೆ. ದೊಡ್ಡ ಹುಡುಗನ ಶಾಲೆ ತಪ್ಪಬಾರದೆಂದು ಈ ಸಲದ ಬಾಣಂತನಕ್ಕೆ ಅವಳು ಕಂಪ್ಲಿಗೆ ಬರದೆ ನನ್ನನ್ನೇ ಇಲ್ಲಿಗೆ ಕರೆಸಿಕೊಂಡದ್ದು ಒಳ್ಳೆಯದೇ ಆಯಿತು. ಇಲ್ಲಿ ಮಳೆ ಹಿಡಿದು ಗುಡ್ಡಗಳೆಲ್ಲ ಹಸಿರಾಗಿವೆ. ಅಳಿಯಂದಿರ ಅಂಗಿಗಳು ಮಾತ್ರ ಗಣಿಯ ಧೂಳಿಗೆ ಕೆಂಪಾಗಿ ಬರುತ್ತವೆ.

ಫೋನಿರುವಾಗ ಕಾಗದ ಯಾಕೆ ಅನ್ನುತ್ತೀರಿ, ಗೊತ್ತು. ನಾನು ಫೋನು ಮಾಡಿದರೆ ನೀವು ಸ್ಪೀಕರ್ ಹಾಕಿ ಟೀಪಾಯಿಯ ಮೇಲೆ ಇಡುತ್ತೀರಿ. ಒಂದು ಕಡೆ ದೊಡ್ಡ ಮಗ ಮಲ್ಲೇಶ, ಇನ್ನೊಂದು ಕಡೆ ಸಣ್ಣ ಮಗ ಮಾರೇಶ, ಎದುರಿಗೆ ಟಿವಿ. "ಹಾಂ, ಹಾಂ, ಆತು, ಇಡ್ತೀನಿ" ಅನ್ನುವುದಷ್ಟೇ ನಿಮ್ಮ ಮಾತು. ಗಂಡನ ಹತ್ತಿರ ಒಂದು ವಿಷಯ ಮಾತಾಡಬೇಕೆಂದರೆ ಊರಿನ ಸಭೆಯಲ್ಲಿ ಎದ್ದುನಿಂತ ಹಾಗಾಗುತ್ತದೆ. ಹೇಗೂ ನಮ್ಮ ಮಿಲ್ಲಿನ ಲಾರಿ ವಾರಕ್ಕೊಮ್ಮೆ ಅಕ್ಕಿ ಇಳಿಸಲು ಇಲ್ಲಿಗೆ ಬರುತ್ತದೆ. ಡ್ರೈವರ್ ಅಂಜಿನಿಯ ಕೈಗೆ ಇದನ್ನು ಕೊಡುತ್ತೇನೆ. ನೀವೂ ಅವನ ಕೈಗೇ ಕೊಡಿ.

ಈಗ ವಿಷಯ. ಕಾವ್ಯಳ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಮೆಷಿನ್ ಇದೆ. ಕಟ್ಟೆಯ ಕೆಳಗೆ ಬೀರುವಿನ ಹಾಗೆ ಕೂತಿದೆ. ಬಾಗಿಲು ತೆಗೆದು ತಟ್ಟೆ, ಲೋಟ, ಚಮಚೆ ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಮುಗಿಯಿತು. ಬೆಳಿಗ್ಗೆ ತೆಗೆದರೆ ಎಲ್ಲವೂ ಒಣಗಿ ಬೆಚ್ಚಗಿರುತ್ತವೆ.

ಮೊದಲ ವಾರ ನಾನು ಏನು ಮಾಡಿದೆ ಗೊತ್ತೇ? ಎಲ್ಲ ಪಾತ್ರೆಗಳನ್ನೂ ಸಿಂಕಿನಲ್ಲಿ ತಿಕ್ಕಿ, ತೊಳೆದು, ಸ್ವಚ್ಛ ಮಾಡಿ ಆಮೇಲೆ ಮೆಷಿನ್ನಿಗೆ ಇಡುತ್ತಿದ್ದೆ. ಕಾವ್ಯ ಒಂದು ದಿನ ಕೂಸನ್ನು ಎತ್ತಿಕೊಂಡು ಬಂದು ನೋಡಿದವಳು, "ಯವ್ವಾ, ತೊಳೆದ ಪಾತ್ರಿ ತೊಳಿಯಾಕ ಮೆಷಿನ್ ಯಾಕ ಬೇಕು?" ಅಂದಳು. "ಅಳಿಯನ ಮನಿ ಮೆಷಿನ್ನಿಗೆ ಮುಸುರಿ ಹಾಕಿದ್ರ ನೋಡಿದವ್ರು ಏನಂತಾರ?" ಅಂದೆ. ಬಾಣಂತಿ ಅಷ್ಟು ನಗಬಾರದು, ನಕ್ಕಳು.

ನಮ್ಮ ಮನೆಗೂ ಅಂಥದೊಂದು ಬೇಕು ಅಂತ ನನಗೆ ಅನ್ನಿಸಿದೆ. ಕೆಲಸದ ಎರ್ರಮ್ಮ ಯುಗಾದಿಗೆ ಗಾದಿಗನೂರಿನ ಮಗನ ಮನೆ ಸೇರಿದ ಮೇಲೆ ಮುಸುರೆ ತಿಕ್ಕುವುದು ನಮ್ಮ ಪಾಲಿಗೇ ಬಂದಿದೆ. ಮಕ್ಕಳದ್ದೊಂದು ಪಂಕ್ತಿ, ಗಂಡಸರದ್ದೊಂದು ಪಂಕ್ತಿ, ಹೆಂಗಸರದ್ದು ಕಡೆಯ ಪಂಕ್ತಿ. ಪಂಕ್ತಿಗೊಮ್ಮೆ ಸೊಸೆಯರು ಹಿತ್ತಲ ಕಲ್ಲಿನ ಮುಂದೆ ಕೂರಬೇಕು. ಯೋಚನೆ ಮಾಡಿ ಬರೆಯಿರಿ. ಸ್ಪೀಕರಿನಲ್ಲಿ ಹೇಳಬೇಡಿ.

ಇಂತಿ ನಿಮ್ಮ,
ಹಂಪಮ್ಮ


ಕಂಪ್ಲಿ
20 ಜುಲೈ 2025

ಹಂಪಮ್ಮನಿಗೆ,

ಅಂಜಿನಿ ಕವರು ಕೈಗೆ ಕೊಟ್ಟಾಗ ಕೋರ್ಟಿನ ನೋಟಿಸು ಬಂತೆಂದು ತಿಳಿದು ಒಂದು ಲೋಟ ನೀರು ಕುಡಿದೆ. ಆಮೇಲೆ ಮಿಲ್ಲಿನ ಆಫೀಸಿನ ಬಾಗಿಲು ಹಾಕಿಕೊಂಡು ಓದಿದೆ. ನಿನ್ನ ಅಕ್ಷರ ಇಷ್ಟು ಗುಂಡಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೊಮ್ಮಗಳನ್ನು ನೋಡಲು ಈ ತಿಂಗಳ ಕಡೆಗೆ ಬರುತ್ತೇನೆ ಅಂದಿದ್ದೆ. ಭತ್ತದ ಲೋಡು ಬಂದು ಬಿದ್ದಿದೆ, ಆಗಲಿಕ್ಕಿಲ್ಲ.

ಮೆಷಿನ್ನಿನ ವಿಷಯ ರಾತ್ರಿ ಊಟಕ್ಕೆ ಕೂತಾಗ ಎತ್ತಿದೆ. ಸಾಧಕ ಬಾಧಕ ಎಲ್ಲ ಚರ್ಚೆ ಆಯಿತು. ದುಡ್ಡಿನ ಪ್ರಶ್ನೆ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೆಷಿನ್ ಅಂದರೆ ನನಗೇನು ಹೆದರಿಕೆಯೇ? ದಿನ ಬೆಳಗಾದರೆ ನಾನು ಮೆಷಿನ್ನಿನ ನಡುವೆಯೇ ಇರುವವನು. ಆದರೆ ಎಲ್ಲದಕ್ಕೂ ಒಂದು ಅಳತೆ ಇರುತ್ತದಲ್ಲ.

ಮಲ್ಲೇಶ ಫೋನಿನಲ್ಲಿ ಅದರ ವಿಡಿಯೋ ತೋರಿಸಿದ. ಟೇಪು ತಂದು ನಮ್ಮ ಅನ್ನದ ಬೋಗುಣಿಯನ್ನು ಅಳೆದ. ಬೋಗುಣಿ ಒಳಗೆ ಹೋದರೆ ಮೆಷಿನ್ನಿನ ಬಾಗಿಲು ಹಾಕಲು ಬರುವುದಿಲ್ಲ, ಬಾಗಿಲು ಹಾಕಬೇಕಾದರೆ ಬೋಗುಣಿ ಹೊರಗೆ ಇರಬೇಕು. ಇನ್ನು ರೊಟ್ಟಿ ಹಂಚಿನ ಮಾತೇ ಬೇಡ. ಎರಡನೆಯದು ನಮ್ಮ ಎಮ್ಮೆ. ಅದಕ್ಕೆ ಕಲಗಚ್ಚು ಬೇಕು. ಎಲ್ಲವನ್ನೂ ಮೆಷಿನ್ ನುಂಗಿದರೆ ಎಮ್ಮೆಗೆ ಏನು ಕುಡಿಸೋಣ, ಸೋಪಿನ ನೀರೇ? ಆಮೇಲೆ ಆ ಮೆಷಿನ್ನಿಗೆ ಬೇರೆ ಉಪ್ಪು ಹಾಕಬೇಕಂತೆ. ನಮ್ಮ ಬೋರಿನ ನೀರಿನಲ್ಲಿ ಇರುವ ಉಪ್ಪು ಸಾಲದೇ?

ಸೊಸೆಯರನ್ನೂ ಕೇಳಿದೆ, ಕೇಳಲಿಲ್ಲ ಅನ್ನಬೇಡ. ಚಂದ್ರಕಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀವು ಹೆಂಗಂತೀರಿ ಹಂಗ್ರೀ ಮಾವ" ಅಂದಳು. ಶಿಲ್ಪಶ್ರೀ ಕೈಯಲ್ಲಿದ್ದ ಪಾತ್ರೆಯನ್ನು ಸದ್ದು ಮಾಡಿ ಇಟ್ಟು ಹಿತ್ತಲಿಗೆ ಹೋದಳು. ಅಂದರೆ ಇಬ್ಬರಿಗೂ ಬೇಡ ಅಂತಲೇ ಅರ್ಥ.

ಕಡೆಯದಾಗಿ ಒಂದು ಮಾತು. ಪಾತ್ರೆ ಕಡಿಮೆ ಬೀಳಿಸುವುದು ಹೇಗೆ ಅನ್ನುವುದನ್ನು ನಮ್ಮನ್ನು ನೋಡಿ ಕಲಿಯಬೇಕು. ನಾನು ಉಂಡ ಮೇಲೆ ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುತ್ತೇನೆ, ಒಂದು ಅಗುಳು ಬಿಡುವುದಿಲ್ಲ. ಅದು ನಮ್ಮ ಅಪ್ಪ ಕಲಿಸಿದ್ದು. ಆಮೇಲೆ ಅದೇ ತಟ್ಟೆಯಲ್ಲಿ ನೀನು ಉಣ್ಣುತ್ತೀ. ಇಷ್ಟು ವರ್ಷ ನಮ್ಮಿಬ್ಬರದು ಒಂದೇ ತಟ್ಟೆ! ಗಂಡ ಹೆಂಡತಿಗೆ ಒಂದೇ ತಟ್ಟೆ ಸಾಕಾಗುವ ಮನೆಗೆ ಮೆಷಿನ್ ಯಾಕೆ, ನೀನೇ ಹೇಳು.

ಆದ್ದರಿಂದ ಬೇಡ ಅಂತ ತೀರ್ಮಾನ. ಕೂಸಿನ ಆರೋಗ್ಯ ನೋಡಿಕೋ. ಮೂರು ತಿಂಗಳು ಮುಗಿದ ಕೂಡಲೇ ಬಾ. ನೀನಿಲ್ಲದೆ ಮನೆಯಲ್ಲಿ ಏನು ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ.

ಇಂತಿ,
ಜಡೆಪ್ಪ


ಸಂಡೂರು
10 ಆಗಸ್ಟ್ 2025

ಯಜಮಾನರಿಗೆ,

ಎರಡು ಸಲ ಅಂಜಿನಿಯನ್ನು ಬರಿಗೈಯಲ್ಲಿ ಕಳಿಸಿದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಇಳಿಯಲಿಲ್ಲ. ಇನ್ನು ಕಾದು ಪ್ರಯೋಜನವಿಲ್ಲ ಅಂತ ಬರೆಯುತ್ತಿದ್ದೇನೆ.

ಒಂದೇ ತಟ್ಟೆ ಅಂತ ದೊಡ್ಡದಾಗಿ ಬರೆದಿದ್ದೀರಿ. ಅದು ನಮ್ಮಿಬ್ಬರ ತಟ್ಟೆಯಲ್ಲ, ನಿಮ್ಮ ತಟ್ಟೆ. ನೀವು ಎದ್ದ ಮೇಲೆ ನನಗೆ ಬರುತ್ತದೆ. ಅತ್ತೆ ಹಾಗೆ ಮಾಡಿದರು, ನಾನೂ ಮಾಡಿದೆ. ಹೊಸದಾಗಿ ಬಂದಾಗ ಅದರಲ್ಲಿ ಒಂದು ಸುಖವೂ ಇತ್ತು, ಇಲ್ಲ ಅನ್ನುವುದಿಲ್ಲ. ನೀವು ಒಂದು ತುಂಡು ಬೆಲ್ಲವನ್ನೋ ಸಂಡಿಗೆಯನ್ನೋ ನನಗೆಂದು ಬಿಟ್ಟಿರುತ್ತಿದ್ದಿರಿ. ಆಮೇಲೆ ಬಿಡುವುದನ್ನು ಮರೆತಿರಿ. ನಾನು ಉಣ್ಣುವುದು ಮಾತ್ರ ಹಾಗೇ ಉಳಿಯಿತು.

ಇಲ್ಲಿ ಏನಾಯಿತು ಹೇಳುತ್ತೇನೆ. ಬಂದ ದಿನ ಅಳಿಯ ಮಲ್ಲಿಕಾರ್ಜುನ್ ಊಟಕ್ಕೆ ಕೂತರು. ನಾನು ಬಡಿಸಿ, ರೂಢಿಯ ಹಾಗೆ ಬಾಗಿಲ ಹತ್ತಿರ ನಿಂತೆ. ಅವರು ಕೈ ಕಟ್ಟಿಕೊಂಡು ಕೂತರು. "ಅತ್ತೀ, ನೀವು ಕುಂದ್ರಿ. ನೀವು ಕುಂದ್ರಲಿಲ್ಲಂದ್ರ ನಾನೂ ಉಣ್ಣಂಗಿಲ್ಲ" ಅಂದರು. ಅಳಿಯನ ಎದುರಿಗೆ ಕುರ್ಚಿಯ ಮೇಲೆ ಕೂತು ಉಣ್ಣುವುದೆಂದರೆ! ನನಗೆ ನಾಚಿಕೆಯಿಂದ ಕತ್ತು ಎತ್ತಲಾಗಲಿಲ್ಲ. ಕಾವ್ಯ ನನ್ನ ಮುಂದೆ ಒಂದು ತಟ್ಟೆ ಇಟ್ಟಳು. ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿ ಹಾಕಿದಳು. ನಾನು ಬೆಣ್ಣೆ ಹಚ್ಚುವುದರೊಳಗೆ ಅದು ಕರಗಿ ಹೋಯಿತು. ಈ ಕೈಗಳು ಎಷ್ಟು ರೊಟ್ಟಿ ಬಡಿದಿವೆಯೋ ದೇವರಿಗೇ ಗೊತ್ತು. ಬೆಣ್ಣೆ ಕರಗುವಷ್ಟು ಬಿಸಿ ರೊಟ್ಟಿಯನ್ನು ನಾನು ತಿಂದು ಎಷ್ಟು ವರ್ಷವಾಗಿತ್ತು ಅಂತ ನೆನಪು ಮಾಡಿಕೊಂಡೆ, ನೆನಪಾಗಲಿಲ್ಲ.

ಆ ಮೆಷಿನ್ ನನಗೆ ಯಾಕೆ ಬೇಕು ಅಂತ ಈಗ ಹೇಳುತ್ತೇನೆ. ಕೈನೋವಿಗಲ್ಲ. ಅದು ಒಂದು ಸಲ ತಿರುಗಲು ಶುರುವಾದರೆ ಎರಡು ತಾಸಿನ ಮೇಲೆ ಹಿಡಿಯುತ್ತದೆ. ಪಂಕ್ತಿಗೊಮ್ಮೆ ಅದನ್ನು ತಿರುಗಿಸಲು ಬರುವುದಿಲ್ಲ. ಇಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಕೂತು ಉಂಡು, ಎಲ್ಲರ ತಟ್ಟೆಯನ್ನೂ ಒಮ್ಮೆಗೇ ಇಡುತ್ತಾರೆ. ಅದು ನಮ್ಮ ಮನೆಗೆ ಬಂದರೆ ಮೂರು ಪಂಕ್ತಿ ತಾನಾಗಿಯೇ ಒಂದಾಗುತ್ತದೆ ಅಂತ ನನ್ನ ಲೆಕ್ಕ. ನಾನು ಬಾಯಿಬಿಟ್ಟು ಕೇಳುವುದು ತಪ್ಪುತ್ತದೆ ಅಂದುಕೊಂಡಿದ್ದೆ. ನೀವು ಬಿಡಲಿಲ್ಲ, ಕೇಳಿಸಿದಿರಿ.

ಕಾವ್ಯ ದೀಪಾವಳಿ ಮುಗಿಸಿಕೊಂಡು ಹೋಗು ಅನ್ನುತ್ತಿದ್ದಾಳೆ. ಅಳಿಯಂದಿರೂ ಅದನ್ನೇ ಅನ್ನುತ್ತಾರೆ. ಮೊದಲು ಆಗುವುದಿಲ್ಲ ಅಂದಿದ್ದೆ. ಈಗ ಏನೂ ಅಂದಿಲ್ಲ. ಬಾಗಿಲ ಹತ್ತಿರ ನಿಂತು ಕಾಯುವುದಕ್ಕೆ ಅಂತ ನಾನು ಅವಸರ ಮಾಡಿಕೊಂಡು ಬರುವುದಿಲ್ಲ.

ಕೂಸಿಗೆ ಈಗ ನಗು ಬರುತ್ತದೆ. ನಿಮ್ಮ ಹಾಗೆ ಒಂದು ಕಡೆ ತುಟಿ ಎತ್ತಿ ನಗುತ್ತದೆ. ಬಂದು ನೋಡಿಕೊಂಡು ಹೋಗಿ.

ಇಂತಿ,
ಹಂಪಮ್ಮ


ಕಂಪ್ಲಿ
24 ಆಗಸ್ಟ್ 2025, ಭಾನುವಾರ

ಪ್ರೀತಿಯ ಅತ್ತೆಯವರಿಗೆ ಚಂದ್ರಕಲಾ ಮಾಡುವ ನಮಸ್ಕಾರಗಳು.

ಮಾವನವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅಂಜಿನಿಗೆ ಹೇಳಿದ್ದೇನೆ, "ಇದು ಅತ್ತಿ ಕೈಗೇ ಹೋಗಬೇಕು ನೋಡಪ್ಪಾ" ಅಂತ. ಅವನು, "ಅಕ್ಕಾ, ನಾನು ಅಕ್ಕಿ ಲಾರಿ ಓಡಸ್ತೀನೋ ಪೋಸ್ಟಾಫೀಸು ಓಡಸ್ತೀನೋ ನನಗ ತಿಳಿವಲ್ದು" ಅಂದ.

ನಿಮ್ಮ ಕಾಗದ ಬಂದ ದಿನ ಮಾವ ಮಿಲ್ಲಿನಿಂದ ತಡವಾಗಿ ಬಂದರು. ಉಂಡರು, ತಟ್ಟೆ ತೊಳೆದು ಕುಡಿದರು, ಆಮೇಲೆ ಖಾಲಿ ತಟ್ಟೆಯನ್ನು ನೋಡುತ್ತ ಕೂತರು. ನಮಗೆಲ್ಲ ಗಾಬರಿ. ನಿಮ್ಮ ದೊಡ್ಡ ಮಗ, "ಅಪ್ಪಾ, ಶುಗರ್ ಚೆಕ್ ಮಾಡ್ಸೋಣೇನು?" ಅಂತ ಕೇಳಿ ಬೈಸಿಕೊಂಡರು. ಹೀಗೇ ಮೂರ್ನಾಲ್ಕು ದಿನ ಹೋಯಿತು. ಶುಕ್ರವಾರ ಸಂಜೆ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡವರೇ ನಡುಮನೆಗೆ ಬಂದು, "ಇವತ್ತಿಂದ ಈ ಮನ್ಯಾಗ ಒಂದೇ ಪಂಕ್ತಿ. ಹುಡುಗ್ರು, ಹೆಂಗಸ್ರು, ಗಂಡಸ್ರು, ಎಲ್ಲಾರೂ ಒಮ್ಮಿಗೇ ಕುಂದ್ರಬೇಕು" ಅಂದರು.

ಅತ್ತೆ, ಆ ಊಟವನ್ನು ನೀವು ನೋಡಬೇಕಿತ್ತು. ಎಲ್ಲರೂ ಸುತ್ತ ಕೂತೆವು. ಕೂತ ಮೇಲೆ ಯಾರೂ ಬಡಿಸುವವರಿಲ್ಲ. ನಾನು ಎದ್ದರೆ ಮಾವ "ಕುಂದ್ರವ್ವಾ" ಅನ್ನುತ್ತಾರೆ, ಶಿಲ್ಪಶ್ರೀ ಎದ್ದರೆ ಅವಳಿಗೂ "ಕುಂದ್ರು" ಅನ್ನುತ್ತಾರೆ. ಕಡೆಗೆ ಮಾವನೇ ಕೈ ಚಾಚಿ ಸಾರಿನ ಪಾತ್ರೆ ಎಳೆದುಕೊಂಡು ಅರ್ಧ ಚಾಪೆಗೆ ಬಡಿಸಿದರು. ಮಕ್ಕಳಿಗೆ ಹಬ್ಬವೋ ಹಬ್ಬ.

ರೊಟ್ಟಿಯನ್ನು ನಾವು ಮೊದಲೇ ಬಡಿದು ಬುಟ್ಟಿಯಲ್ಲಿ ಇಟ್ಟಿದ್ದೆವು, ಬಟ್ಟೆ ಸುತ್ತುವುದು ಹೊಳೆಯಲಿಲ್ಲ. ಗಂಡಸರಿಗೆ ಯಾವತ್ತೂ ಹಂಚಿನಿಂದಲೇ ತಟ್ಟೆಗೆ ಹೋಗುತ್ತಿತ್ತಲ್ಲ. ಮಾವ ಒಂದು ಚೂರು ಮುರಿದು ಬಾಯಿಗಿಟ್ಟರು. ಅಗಿದರು, ಅಗಿದೇ ಅಗಿದರು.

"ಇದೇನವ್ವಾ ಚಂದ್ರಕಲಾ, ರೊಟ್ಟಿ ಹಿಂಗ್ಯಾಕ ಐತಿ?"

"ಆರಿ ಹೋಗೇತ್ರೀ ಮಾವ."

"ನೀವು ದಿನಾ ಇದನ್ನ ತಿಂತೀರೇನು?"

ನಾನು ಪಕ್ಕದ ಮಕ್ಕಳ ತಟ್ಟೆಯಲ್ಲಿ ರೊಟ್ಟಿ ಮುರಿಯತೊಡಗಿದೆ. ಶಿಲ್ಪಶ್ರೀ ನಿಮಗೆ ಗೊತ್ತಲ್ಲ, ಬಾಯಿ ಕಟ್ಟಿಕೊಂಡು ಇರುವವಳಲ್ಲ. "ನಾವು ಒಂದೊಂದು ಸಲ ನಮಗ ಅಂತ ಎರಡು ಬಿಸಿ ಬಡಕೊಂತೀವ್ರೀ. ಅತ್ತಿ ಮಾತ್ರ ಬ್ಯಾಡ ಅಂತಾರ. ಉಳಿದಿದ್ದು ಯಾರು ತಿನ್ನಬೇಕು ಅಂತ ಅದನ್ನೇ ತಿಂತಾರ" ಅಂದಳು. ಮಾವ ಇನ್ನೊಂದು ಚೂರು ಮುರಿದರು. ತಟ್ಟೆಯಲ್ಲಿದ್ದ ಎರಡು ರೊಟ್ಟಿಯನ್ನೂ ಪೂರ್ತಿ ತಿಂದರು, ಚಟ್ನಿಪುಡಿ ಸಹ ಹಾಕಿಸಿಕೊಳ್ಳಲಿಲ್ಲ.

ಊಟ ಮುಗಿದ ಮೇಲೆ ಇನ್ನೊಂದು ಆಟ ಶುರುವಾಯಿತು. ಮೂರು ಪಂಕ್ತಿಯ ಪಾತ್ರೆ ಒಮ್ಮೆಗೇ ಬಿದ್ದರೆ ಹೇಗಿರುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ಹಿತ್ತಲ ಕಲ್ಲಿನ ಸುತ್ತ ಹೆಜ್ಜೆ ಇಡಲು ಜಾಗವಿಲ್ಲ. ಶಿಲ್ಪಶ್ರೀ ಸೆರಗು ಸಿಕ್ಕಿಸಿಕೊಂಡು, "ಒಟ್ಟಿಗೇ ಉಂಡೀವಿ, ಈಗ ತಿಕ್ಕೋದು ಹೆಂಗ್ರೀ ಮಾವ, ಒಟ್ಟಿಗೇನು?" ಅಂತ ಭಾರೀ ಮುಗ್ಧಳ ಹಾಗೆ ಕೇಳಿದಳು. ಮಾವ ಇಬ್ಬರು ಮಕ್ಕಳ ಮುಖ ನೋಡಿದರು. ಅವರಿಬ್ಬರೂ ಟಿವಿ ನೋಡಿದರು. "ಏಳ್ರಲೇ" ಅಂದರು ಮಾವ. "ಒಂದು ವಾರ ಗಂಡಸ್ರ ಪಾಳಿ."

ವಾರ ಇನ್ನೂ ಮುಗಿದಿಲ್ಲ ಅತ್ತೆ, ಎರಡೇ ದಿನಕ್ಕೆ ಮನೆ ತಲೆಕೆಳಗಾಗಿದೆ. ನಿಮ್ಮ ದೊಡ್ಡ ಮಗ ಒಂದು ಲೋಟವನ್ನು ಐದು ಸಲ ತೊಳೆಯುತ್ತಾರೆ, ಕಪ್ಪು ಹಿಡಿದ ಬೋಗುಣಿಯನ್ನು ನೋಡಿಯೂ ನೋಡದ ಹಾಗೆ ದಾಟಿ ಹೋಗುತ್ತಾರೆ. ಮಾರೇಶ ಮೊದಲ ನೀರಿಗೇ ಸೋಪು ಕಲಸಿಬಿಟ್ಟ. ಕಲಗಚ್ಚು ಅಂತ ಅದನ್ನೇ ಎಮ್ಮೆಯ ಮುಂದಿಟ್ಟರೆ ಅದು ಮೂಸಿ ನೋಡಿ ಮುಖ ತಿರುಗಿಸಿತು. ಮಾವ ರೊಟ್ಟಿ ಹಂಚನ್ನು ಹಿಡಿದುಕೊಂಡು ಕೂತವರು ಅದರ ಕಪ್ಪೆಲ್ಲ ಹೋಗುವ ತನಕ ಬಿಡಲಿಲ್ಲ. ಹಂಚು ಕಪ್ಪಗೇ ಇರಬೇಕು ಅಂತ ನಾವು ಯಾರೂ ಹೇಳಲಿಲ್ಲ. ಏಳುವಾಗ ಸೊಂಟ ಹಿಡಿದುಕೊಂಡಿತು, ಇಬ್ಬರು ಮಕ್ಕಳೂ ಸೇರಿ ಅವರನ್ನು ಎತ್ತಬೇಕಾಯಿತು. ನಾವಿಬ್ಬರೂ ಅಡುಗೆಮನೆಯ ಕಿಟಕಿಯ ಹಿಂದೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದನ್ನು ಮಾತ್ರ ನೀವು ಹೇಳಬಾರದು.

ನಿನ್ನೆ ರಾತ್ರಿ ಮೂವರೂ ಹಿತ್ತಲಿನಲ್ಲೇ ನಿಂತು ಚರ್ಚೆ ಮಾಡಿದರು. ಮೆಷಿನ್ ತುರ್ತಾಗಿ ಬೇಕು ಅಂತ ಗಂಡಸರಲ್ಲಿ ಒಮ್ಮತವಾಗಿದೆ. ಬೋಗುಣಿ ಹಿಡಿಸದಿದ್ದರೆ ಸಣ್ಣ ಬೋಗುಣಿ ತರೋಣ ಅಂತ ನಿಮ್ಮ ದೊಡ್ಡ ಮಗನೇ ಅಂದರು. ಎಮ್ಮೆಗೆ ಅಕ್ಕಿ ತೊಳೆದ ನೀರು ಸಾಕಂತೆ.

ಅವತ್ತು ಮಾವ ಕೇಳಿದಾಗ ನಾನು "ನೀವು ಹೆಂಗಂತೀರಿ ಹಂಗ" ಅಂದದ್ದು ಬೇಡ ಅಂತ ಅಲ್ಲ ಅತ್ತೆ. ನನಗೂ ಬೇಕಿತ್ತು. ಕೇಳಿದವರು ನೀವೊಬ್ಬರೇ.

ಬೇಗ ಬನ್ನಿ. ಬರುವ ಮೊದಲು ನಮಗೆ ಮಾತ್ರ ತಿಳಿಸಿ.

ನಿಮ್ಮ ಸೊಸೆ,
ಚಂದ್ರಕಲಾ


ಸಂಡೂರು
31 ಆಗಸ್ಟ್ 2025

ಚಿರಂಜೀವಿ ಸೌಭಾಗ್ಯವತಿ ಚಂದ್ರಕಲಾಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಕಾವ್ಯಳಿಗೆ ಓದಿ ಹೇಳಿದೆ. ಹಂಚಿನ ವಿಷಯಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗದೆ ಕೂಸು ಬೆಚ್ಚಿ ಅಳತೊಡಗಿತು. ಆ ಹಂಚು ನನ್ನ ಅತ್ತೆಯ ಕಾಲದ್ದು. ಮತ್ತೆ ಎಣ್ಣೆ ಹಚ್ಚಿ ಕಾಯಿಸಿ ಹದಕ್ಕೆ ತಾ. ನಿಮ್ಮ ಮಾವನ ಸೊಂಟಕ್ಕೂ ಎಣ್ಣೆಯನ್ನೇ ಹಚ್ಚಿಸು, ಬಿಸಿ ಮಾಡಿ.

ರೊಟ್ಟಿಯನ್ನು ಹಂಚಿನಿಂದ ತೆಗೆದ ಕೂಡಲೇ ದಪ್ಪ ಪಂಚೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿ ಮುಚ್ಚು. ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಎಲ್ಲವೂ ಮೆತ್ತಗಿರುತ್ತವೆ. ಆಗ ಎಲ್ಲರೂ ಕೂತರೂ ಯಾರೂ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ.

ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಇದೆಲ್ಲ ಓದಿ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹೆದರಿಕೆಯೂ ಆಗಿದೆ. ನಾನಿಲ್ಲದಾಗ ಒಂದು ಆಟದ ಹಾಗೆ ನಡೆದದ್ದು ನಾನು ಬಂದ ಮೇಲೆ ನಡೆಯುತ್ತದೆಯೇ? ನಾನು ಅಡುಗೆಮನೆಗೆ ಕಾಲಿಟ್ಟ ಕೂಡಲೇ ನನ್ನ ಕಾಲುಗಳೇ ಹೋಗಿ ಬಾಗಿಲ ಹತ್ತಿರ ನಿಂತುಬಿಡಬಹುದು. ಅವರೂ ಕೂತುಬಿಡಬಹುದು. ಮೆಷಿನ್ ಮೂಲೆಯಲ್ಲಿರುತ್ತದೆ, ನಾನು ಮತ್ತೆ ಅದೇ ತಟ್ಟೆಗೆ ಕಾಯುತ್ತಿರುತ್ತೇನೆ. ಅದಕ್ಕೇ ದೀಪಾವಳಿಯ ತನಕ ಇರುವುದೇ ಒಳ್ಳೆಯದೇನೋ ಅನ್ನಿಸುತ್ತದೆ. ಅವರಾಗಿ ಏನಾದರೂ ಬರೆಯುತ್ತಾರೇನೋ ಅಂತ ನೋಡುತ್ತಿದ್ದೇನೆ. ನೀನು ಹೇಳಿ ಬರೆಸಬೇಡ.

ಇಂತಿ ನಿನ್ನ ಅತ್ತೆ,
ಹಂಪಮ್ಮ


ಕಂಪ್ಲಿ
12 ಸೆಪ್ಟೆಂಬರ್ 2025

ಹಂಪಮ್ಮನಿಗೆ,

ಇಷ್ಟು ದಿನ ಬರೆಯಲಿಲ್ಲ ಅಂತ ಬೈಯಬೇಡ. ಕಾಗದ ಹಿಡಿದು ಕೂತರೆ, ಬರೆದು ತಿಳಿಸಬೇಕಾದ ಕೆಲಸವೇ ಇನ್ನೂ ಮುಗಿದಿರುತ್ತಿರಲಿಲ್ಲ. ಈಗ ಮುಗಿದಿದೆ, ಬರೆಯುತ್ತೇನೆ.

ಮೆಷಿನ್ ಬಂದಿದೆ. ಹಿತ್ತಲ ಬಾಗಿಲ ಪಕ್ಕದ ಮೂಲೆಯಲ್ಲಿ, ಜೋಳದ ಡಬ್ಬ ಇದ್ದ ಕಡೆ ಕೂರಿಸಿದ್ದೇವೆ. ಮೊದಲ ದಿನ ನಾನು ಕುರ್ಚಿ ಹಾಕಿಕೊಂಡು ಅದು ನಿಲ್ಲುವ ತನಕ ಅದರ ಮುಂದೆ ಕೂತಿದ್ದೆ. ನಮ್ಮ ಮಿಲ್ಲಿನ ಮೆಷಿನ್ನಾದರೆ ಸದ್ದು ಕೇಳಿಯೇ ಬೆಲ್ಟ್ ಸಡಿಲವಾಗಿದೆಯೋ ಇಲ್ಲವೋ ಹೇಳುತ್ತೇನೆ. ಇದು ಒಳಗೊಳಗೇ ಏನೋ ಗೊಣಗುತ್ತದೆ, ಬಿಟ್ಟುಕೊಡುವುದಿಲ್ಲ. ಉಪ್ಪನ್ನೂ ಹಾಕಿದ್ದೇವೆ, ಇನ್ನು ಅದರ ಮಾತು ಬೇಡ.

ಅದನ್ನು ತರಲು ಹೊಸಪೇಟೆಗೆ ಹೋದಾಗ ನಡೆದದ್ದು ಹೇಳಬೇಕು. ಮಲ್ಲೇಶನೂ ಇದ್ದ. ಅಂಗಡಿಯ ಹುಡುಗಿ, "ಎಷ್ಟು ತಟ್ಟೆಯದ್ದು ಬೇಕು ಸಾರ್?" ಅಂತ ಕೇಳಿದಳು. ಆ ಮೆಷಿನ್ನುಗಳನ್ನು ತಟ್ಟೆಯ ಲೆಕ್ಕದಲ್ಲಿ ಮಾರುತ್ತಾರಂತೆ. "ಮನ್ಯಾಗ ಎಷ್ಟು ಮಂದಿ ಅಷ್ಟು ತಟ್ಟಿ, ಒಂಬತ್ತು" ಅಂದೆ. ಮಲ್ಲೇಶ ಪಕ್ಕದಲ್ಲಿ ನಿಂತು, "ಎಂಟಪ್ಪಾ" ಅಂದ. "ಒಂಬತ್ತಲೇ" ಅಂದೆ. "ಮಂದಿ ಒಂಬತ್ತು. ತಟ್ಟಿ ಎಂಟು" ಅಂದ. ಹುಡುಗಿ ಇಬ್ಬರ ಮುಖವನ್ನೂ ನೋಡುತ್ತ ನಿಂತಳು. ನೀನು ಬರೆದಾಗ ನನಗೆ ಅರ್ಥವಾಗಿತ್ತು ಅಂದುಕೊಂಡಿದ್ದೆ. ಅಂಗಡಿಯಲ್ಲಿ ಎಲ್ಲರ ಎದುರಿಗೆ ನಿಂತಾಗ ಸರಿಯಾಗಿ ಅರ್ಥವಾಯಿತು. ಯಾರದೋ ಮನೆಯ ಲೆಕ್ಕ ಕೇಳಿದ ಹಾಗಾಯಿತು, ಮನೆ ಮಾತ್ರ ನನ್ನದೇ.

ಮೆಷಿನ್ನಿನ ಮಾತು ನಿಲ್ಲಿಸಿ ಮೊದಲು ಪಾತ್ರೆ ಅಂಗಡಿಗೆ ಹೋದೆವು. ಇದ್ದುದರಲ್ಲೇ ಒಳ್ಳೆಯ, ಅಂಚು ಎತ್ತರವಿರುವ ತಟ್ಟೆಯನ್ನು ಆರಿಸಿದೆ. ಸಾರು ಹಾಕಿಸಿಕೊಂಡರೆ ಚೆಲ್ಲುವುದಿಲ್ಲ. ಹೆಸರು ಕೊರೆಯುವವನು, "ಏನಂತ ಹೊಡೀಲಿ ಯಜಮಾನ್ರೇ?" ಅಂದ. "ಹಂಪಮ್ಮ" ಅಂದೆ. ಅವನ ಮೆಷಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಮತ್ತೆ ಕೂಗಿ ಹೇಳಿದೆ. ನಿನ್ನ ಹೆಸರನ್ನು ಬಜಾರದಲ್ಲಿ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು, ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು. "ಇನಿಶಿಯಲ್ಲು?" ಅಂದ. "ಬ್ಯಾಡ. ಬರೇ ಅಕಿ ಹೆಸರು ಸಾಕು" ಅಂದೆ. ಮಲ್ಲೇಶ ಅಷ್ಟು ದೂರ ಹೋಗಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ನೆಗಡಿ ಅಂತ ಹೇಳಿದ.

ತಟ್ಟೆಯನ್ನು ಅಂಜಿನಿಯ ಕೈಯಲ್ಲಿ ಕಳಿಸೋಣ ಅಂತ ಚಂದ್ರಕಲಾ ಅಂದಳು. ನಾನು ಒಪ್ಪಲಿಲ್ಲ. ಕಳಿಸಿದರೆ ನೀನು ಅಲ್ಲೇ ಉಂಡುಕೊಂಡು ಇದ್ದುಬಿಡುತ್ತೀ.

ಗಂಡಸರ ಪಾಳಿ ಒಂದು ವಾರಕ್ಕೆ ಮುಗಿಯಲಿಲ್ಲ. ತಟ್ಟೆ ಜೋಡಿಸುವುದು ಮಾರೇಶ, ತೆಗೆಯುವುದು ಮಲ್ಲೇಶ, ಹಿಡಿಸದ ಬೋಗುಣಿ ತಿಕ್ಕುವುದು ನಾನು. ಮಣೆಯ ಮೇಲಲ್ಲ, ನಿಂತು ತಿಕ್ಕುತ್ತೇನೆ. ನನ್ನ ತಟ್ಟೆಯನ್ನು ತೊಳೆದು ಕುಡಿಯುವುದನ್ನು ಮಾತ್ರ ಬಿಟ್ಟಿಲ್ಲ, ಅದನ್ನು ಬಿಡು ಅನ್ನಬೇಡ. ಕುಡಿದು, ಆಮೇಲೆ ಅದನ್ನೂ ಮೆಷಿನ್ನಿಗೇ ಇಡುತ್ತೇನೆ.

ನೀನು ಬಂದ ಮೇಲೆ ಏನಾಗುತ್ತದೆ ಅಂತ ನಿನಗೆ ಅನುಮಾನ ಇರಬಹುದು. ನನಗೂ ಇದೆ. ಹಳೆಯ ರೂಢಿ, ನಾನು ಮರೆತು ಮೊದಲೇ ಕೂತುಬಿಡಬಹುದು. ಆಗ ನೀನು ಬಾಗಿಲ ಹತ್ತಿರ ನಿಲ್ಲಬೇಡ. "ಏಳ್ರಿ" ಅನ್ನು. ಏಳುತ್ತೇನೆ.

ನೀನಿಲ್ಲದೆ ನನಗೆ ಬೇಸರವಾಗಿದೆ ಹಂಪಮ್ಮ. ಏನು ಎಲ್ಲಿದೆ ಅಂತ ಈಗ ಎಲ್ಲ ಗೊತ್ತಾಗಿದೆ. ಆದರೂ ಬೇಸರವಾಗಿದೆ.

ಇಂತಿ ನಿನ್ನ,
ಜಡೆಪ್ಪ


ಸಂಡೂರು
14 ಸೆಪ್ಟೆಂಬರ್ 2025, ಭಾನುವಾರ

ಯಜಮಾನರಿಗೆ,

ನಿಮ್ಮ ಕಾಗದ ತಲುಪಿತು. ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ, ನೀವು ಉಬ್ಬಿ ಹೋಗುತ್ತೀರಿ. ಕಾವ್ಯ ಕೇಳಿದಳು, ಅವಳಿಗೆ ಕೊಡಲಿಲ್ಲ. ಇದೊಂದನ್ನು ಯಾರಿಗೂ ಓದಿ ಹೇಳುವುದಿಲ್ಲ.

ದೀಪಾವಳಿಗೆ ಕಾಯುವುದಿಲ್ಲ. ಬರುವ ಶುಕ್ರವಾರ ಹೊರಡುತ್ತೇನೆ. ಕೂಸಿಗೆ ಮೂರು ತಿಂಗಳು ತುಂಬುತ್ತದೆ, ಕಾವ್ಯಳೂ ಗಟ್ಟಿಯಾಗಿದ್ದಾಳೆ. ಅಳಿಯಂದಿರು ಹೊಸಪೇಟೆಯ ತನಕ ಬಂದು ಕಂಪ್ಲಿಯ ಬಸ್ಸು ಹತ್ತಿಸುತ್ತಾರೆ. ಮಲ್ಲೇಶ ಬಸ್ ಸ್ಟ್ಯಾಂಡಿಗೆ ಬಂದರೆ ಸಾಕು. ನೀವು ಬರುವುದು ಬೇಡ, ಸೊಂಟ ಇನ್ನೂ ಪೂರ್ತಿ ಸರಿಯಾಗಿಲ್ಲ ಅಂತ ನನಗೆ ಗೊತ್ತು. ಹೇಗೆ ಗೊತ್ತು ಅಂತ ಕೇಳಬೇಡಿ.

ಜೋಳದ ಡಬ್ಬವನ್ನು ಎಲ್ಲಿಗೆ ಸರಿಸಿದ್ದೀರಿ, ಅಲ್ಲಿ ಗೋಡೆ ತೇವ ಬರುತ್ತದೆಯೇ ನೋಡಿ. ಹಂಚಿಗೆ ಯಾರೂ ಕೈ ಹಚ್ಚಬೇಡಿ.

ಇನ್ನೊಂದು ವಿಷಯ. ಆ ಸಂಜೆಯ ಬಸ್ಸು ಯಾವತ್ತೂ ಹೇಳಿದ ಹೊತ್ತಿಗೆ ಬಂದದ್ದಿಲ್ಲ. ಎಂಟು ಗಂಟೆಗೆ ನಿಮಗೆ ಊಟವಾಗಬೇಕು, ಒಂದು ನಿಮಿಷ ಆಚೀಚೆ ಆದರೂ ಕೈಕಾಲು ಆಡುವುದಿಲ್ಲ, ಅದೂ ಗೊತ್ತು. ಮಕ್ಕಳು ಉಣ್ಣಲಿ. ಸೊಸೆಯರು ಹಸಿದಿದ್ದರೆ ಅವರೂ ಉಣ್ಣಲಿ. ನೀವು ಮಾತ್ರ ಒಂಬತ್ತಾಗಲಿ, ಹತ್ತಾಗಲಿ, ತಟ್ಟೆಗೆ ಕೈ ಹಾಕಬೇಡಿ. ನಾನು ಬರುವ ತನಕ ಕಾಯಿರಿ.

ಇಂತಿ ನಿಮ್ಮ,
ಹಂಪಮ್ಮ